ಆರು ದಿಕ್ಕುಗಳ ಗೃಹಧರ್ಮ

ಬೌದ್ಧಧರ್ಮವು ಮನೆ ತೊರೆದವರ ಮಾರ್ಗವೆಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ, ಧಾರವಾಡ ಸೀಮೆಯ ಶಾಸನವೊಂದು ಬೇರೆಯದೇ ಚಿತ್ರವನ್ನು ಕೊಡುತ್ತದೆ. ಹಿಂದೆ ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿದ್ದು 1997ರಿಂದ ಗದಗ ಜಿಲ್ಲೆಯಲ್ಲಿರುವ ಡಂಬಳದ 1095ರ ಶಾಸನವು, ಊರಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸೆಟ್ಟಿಯೊಬ್ಬನು ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ ಹೆಸರಿಸುತ್ತದೆ. ಭಿಕ್ಷುಗಳ ವಸತಿಯಾದ ವಿಹಾರವು ಇಲ್ಲಿ ವರ್ತಕರ ಗಳಿಕೆಯ ಆಸರೆಯಲ್ಲಿ ನಿಂತಿತ್ತು.

ಇಂಥ ಗೃಹಸ್ಥರಿಗೆಂದೇ ಮೀಸಲಾದ ಉಪದೇಶವು ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ದೀಘನಿಕಾಯದ ಸಿಗಾಲೋವಾದ ಸುತ್ತವೆಂಬ ಪಾಠದಲ್ಲಿದೆ. ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಸಿಗಾಲನೆಂಬ ತರುಣನಿಗೆ ಬುದ್ಧನು, ಪೂರ್ವವು ತಾಯಿತಂದೆ, ದಕ್ಷಿಣವು ಗುರು, ಪಶ್ಚಿಮವು ಮಡದಿಮಕ್ಕಳು, ಉತ್ತರವು ಗೆಳೆಯರು, ಕೆಳಗಿನದು ಆಳುಕಾಳು, ಮೇಲಿನದು ಶ್ರಮಣರು ಎಂದು ವಿವರಿಸಿ, ಪೂಜೆಯನ್ನು ಪರಸ್ಪರ ಕರ್ತವ್ಯವಾಗಿ ಮಾರ್ಪಡಿಸುತ್ತಾನೆ. ಅದರಂತೆ ಗಂಡನು ಹೆಂಡತಿಯನ್ನು ಗೌರವಿಸಿ ಮನೆಯ ಅಧಿಕಾರವನ್ನು ಅವಳಿಗೆ ಒಪ್ಪಿಸಬೇಕು. ಒಡೆಯನು ಆಳಿಗೆ ಶಕ್ತಿಗೆ ತಕ್ಕ ಕೆಲಸವನ್ನೇ ಕೊಟ್ಟು, ಕಾಯಿಲೆಯಲ್ಲಿ ಆರೈಕೆ ಮಾಡಬೇಕು.

ಅದೇ ಸುತ್ತವು ಅಗತಿಗಳನ್ನು, ಅಂದರೆ ಮನುಷ್ಯನನ್ನು ದಾರಿ ತಪ್ಪಿಸುವ ಆಸೆ, ದ್ವೇಷ, ಭಯ, ಮೋಹಗಳೆಂಬ ನಾಲ್ಕು ಪ್ರೇರಣೆಗಳನ್ನು, ಗುರುತಿಸುತ್ತದೆ. ಮಕ್ಕಳನ್ನು ಗದರುವಾಗ, ಆಸ್ತಿ ಹಂಚುವಾಗ, ವೃದ್ಧರ ಆರೈಕೆಯ ಹೊಣೆ ಬಂದಾಗ ಇವು ತಲೆಯೆತ್ತುವುದರಿಂದ, ಅವುಗಳನ್ನು ಕಂಡುಕೊಳ್ಳುವ ಎಚ್ಚರಕ್ಕೆ, ಅಂದರೆ ಸತಿಗೆ, ಮನೆಯೇ ಅಭ್ಯಾಸದ ನೆಲೆ. ಈ ದೃಷ್ಟಿಯಲ್ಲಿ ವ್ಯಕ್ತಿಯ ಬೆಳವಣಿಗೆಯನ್ನು ಅಳೆಯಬೇಕಾದದ್ದು ಅವನು ಮನೆಯವರೊಡನೆ ನಡೆದುಕೊಳ್ಳುವ ರೀತಿಯಿಂದಲೇ.