ತೇರ್ಸಿನ ಇನ್ನರ್ಧ

ಮೂಡಿಗೆರೆಯ ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ತೇರ್ಸ್. ಕೊಂಕಣಿ ಕಥೋಲಿಕರು ಜಪಮಾಲೆಗೆ ಹೇಳುವ ಹೆಸರದು. ಪ್ರತಿ ಪ್ರಾರ್ಥನೆಯ ಅರ್ಧವನ್ನು ಒಬ್ಬರು ಹೇಳಬೇಕು, ಇನ್ನರ್ಧವನ್ನು ಉಳಿದವರು ಮುಗಿಸಬೇಕು. ಕಳೆದ ಮಳೆಗಾಲವಿಡೀ ನಾನು ಆ ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ‘ದಿವಿನುಮ್ ಒಫಿಚಿಯುಮ್’ ಜಾಲತಾಣ ತೆರೆದು ಲ್ಯಾಟಿನ್ ಪ್ರಾರ್ಥನೆ ಓದುತ್ತಿದ್ದೆ. ಎಡಕ್ಕೆ ಲ್ಯಾಟಿನ್, ಬಲಕ್ಕೆ ಇಂಗ್ಲಿಷ್. ಪಾದ್ರಿಗಳ, ಸನ್ಯಾಸಿಗಳ ದಪ್ಪ ಪುಸ್ತಕಗಳಲ್ಲಿದ್ದ ದಿನದ ಎಂಟು ಹೊತ್ತಿನ ಪ್ರಾರ್ಥನೆ ಈಗ ಅಂಗೈಯಲ್ಲಿ, ಅದೂ ಪುಕ್ಕಟೆ. ಇದಕ್ಕೆ ಮನಸೋತ ನನ್ನ ವಯಸ್ಸಿನವರು ಎಷ್ಟೋ ದೇಶಗಳಲ್ಲಿದ್ದಾರೆ.

‘ಅರ್ಥವಾಗದ ಭಾಷೆಯಲ್ಲಿ ಬೇಡಿಕೊಂಡರೆ ಅದು ಪ್ರಾರ್ಥನೆಯಾ?’ ಕಳಸದ ಗೆಳೆಯ ಕೇಳಿದ. ಅವನು ದಿನಾ ಸಂಧ್ಯಾವಂದನೆ ಮಾಡುವವನು. ‘ನಿನ್ನ ಮಂತ್ರದ ಅರ್ಥವೆಲ್ಲ ನಿನಗೆ ಗೊತ್ತಾ?’ ಎಂದೆ. ‘ಎಲ್ಲಾ ಗೊತ್ತಿಲ್ಲ ಮಾರಾಯ. ಆದರೆ ಅಪ್ಪನ ಪಕ್ಕ ಕೂತು ಕಲಿತದ್ದು. ನೀನು ಯಾರ ಪಕ್ಕ ಕೂತೆ?’ ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಜಗಳಕ್ಕೂ ಕಾಫಿ ರೇಟಿಗೂ ಬಳಸುವ ಮಾತು ಸವೆದಿರುತ್ತದೆ, ದೇವರ ಮುಂದೆ ಸವೆಯದ ಮಾತು ಬೇಕು ಎಂಬುದು ನನ್ನ ವಾದ. ಅದನ್ನು ಈಗಲೂ ಬಿಟ್ಟಿಲ್ಲ. ಹಾಗೆ ನೋಡಿದರೆ ಈ ಬೆಟ್ಟಗಳಿಗೆ ಲ್ಯಾಟಿನ್ ಹೊಸದೂ ಅಲ್ಲ. ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿದ್ದು 1963ರ ನವೆಂಬರಿನಲ್ಲಿ. ಮರುತಿಂಗಳೇ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಭಾಷೆಗೆ ದಾರಿ ಮಾಡಿತು. ಅದಕ್ಕೂ ಮೊದಲು ಅಜ್ಜಿ ಕಂಡ ಬಲಿಪೂಜೆಯೆಲ್ಲ ಲ್ಯಾಟಿನ್ನಿನದೇ.

ಆಮೇಲೆ ತೇರ್ಸಿನ ಬಗ್ಗೆ ಓದಿದೆ. ಪೋರ್ಚುಗೀಸಿನಿಂದ ಬಂದ ಪದ. ಮೂರನೇ ಒಂದು ಪಾಲು ಎಂದರ್ಥ. ಹಳೆಯ ಲೆಕ್ಕದಲ್ಲಿ ಪೂರ್ತಿ ಜಪಮಾಲೆಗೆ ಮಾತೆ ಮರಿಯಳ ಪ್ರಾರ್ಥನೆ 150 ಸಲ. ಬೈಬಲ್ಲಿನ ಕೀರ್ತನೆಗಳೂ 150. ಸನ್ಯಾಸಿಗಳು ವಾರಕ್ಕೊಮ್ಮೆ ಹಾಡಿ ಮುಗಿಸುತ್ತಿದ್ದ ಆ ಕೀರ್ತನೆಗಳ ಬದಲು, ಲ್ಯಾಟಿನ್ ಓದಲು ಬಾರದವರು ಮಣಿ ಎಣಿಸಿದರು. ನಾನು ಮೊಬೈಲಿನಲ್ಲಿ ಹುಡುಕುತ್ತಿದ್ದದ್ದರ ಮೂರನೇ ಒಂದು ಪಾಲು ಅಜ್ಜಿಯ ಕೈಯಲ್ಲೇ ಇತ್ತು.

ಆ ರಾತ್ರಿ ಬಾಗಿಲು ತೆರೆದೆ. ಅಜ್ಜಿ ಅರ್ಧ ಹೇಳಿ, ಉಸಿರು ತೆಗೆದುಕೊಂಡು, ಇನ್ನರ್ಧವನ್ನೂ ತಾನೇ ಹೇಳುತ್ತಿದ್ದಳು. ನನ್ನ ಲ್ಯಾಟಿನ್ ಪ್ರಾರ್ಥನೆಯೂ ಎದುರುಬದುರು ನಿಂತ ಎರಡು ಸಾಲಿನವರು ಸರದಿಯಲ್ಲಿ ಹೇಳಲೆಂದೇ ಆದದ್ದು. ನಾನೂ ಎರಡೂ ಕಡೆಯ ಮಾತನ್ನು ಒಬ್ಬನೇ ಓದುತ್ತಿದ್ದೆ. ಒಂದೇ ಮನೆಯಲ್ಲಿ, ನಡುವೆ ಒಂದು ಬಾಗಿಲು.

ಈಗ ಎಂಟಕ್ಕೆ ತೇರ್ಸ್, ಒಂಬತ್ತಕ್ಕೆ ಲ್ಯಾಟಿನ್. ಭಾಷೆಯ ಪ್ರಶ್ನೆ ಹಾಗೇ ಉಳಿದಿದೆ. ಆದರೆ ನಾನು ತಡಮಾಡಿದರೆ ಮೊಬೈಲಿಗೆ ತಿಳಿಯುವುದಿಲ್ಲ; ಅಜ್ಜಿ ಮಣಿ ಹಿಡಿದು ಕಾಯುತ್ತಾಳೆ.