ಆರಿಸಿ ಕೊಲ್ಲುವ ಮದ್ದು

2012ರ ಡಿಸೆಂಬರಿನ ಕೊನೆಯಲ್ಲಿ ಕೊಡಿಗೇನಹಳ್ಳಿಯಿಂದ ನಮ್ಮ ಚಿಕ್ಕಪ್ಪ ಬೆಂಗಳೂರಿಗೆ ಬಂದು, ನಾಲ್ಕಾಗಿ ಮಡಚಿದ ಪತ್ರಿಕೆಯ ತುಂಡೊಂದನ್ನು ನನ್ನ ಮುಂದಿಟ್ಟು, “ಇದು ಎಲ್ಲಿ ಸಿಗ್ತೈತೆ ನೋಡಪ್ಪ” ಎಂದರು. ಚಿಕ್ಕಮ್ಮನಿಗೆ ಆಗ ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿತ್ತು. ಬಾಯೆಲ್ಲ ಹುಣ್ಣಾಗಿ ಮುದ್ದೆ ಇಳಿಯುತ್ತಿರಲಿಲ್ಲ.

ಸುದ್ದಿ ನಿಜವಾದುದೇ. ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಮತ್ತು ಸಂಗಡಿಗರು ಎಸ್.ಸಿ.ಆರ್. 7 ಎಂಬ ರಾಸಾಯನಿಕವನ್ನು ರೂಪಿಸಿದ್ದರು. ಜೀವಕೋಶದಲ್ಲಿ ಡಿ.ಎನ್.ಎ. ಎಳೆ ತುಂಡಾದರೆ ಬೆಸೆಯುವ ಕಿಣ್ವಗಳುಂಟು. ಅವುಗಳಲ್ಲೊಂದು ಲೈಗೇಸ್ 4. ಈ ಬೆಸುಗೆಗಾರನ ಕೈ ಕಟ್ಟಿಹಾಕಿದರೆ ಕ್ಯಾನ್ಸರ್ ಕೋಶ ತನ್ನ ಮುರುಕನ್ನು ಸರಿಪಡಿಸಿಕೊಳ್ಳಲಾರದೆ ಸಾಯುವುದೆಂದು ಅವರ ಯೋಚನೆ. ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ತಗ್ಗಿತ್ತು.

“ಕೆಟ್ಟದ್ದನ್ನ ಮಾತ್ರ ಸಾಯಿಸ್ತೈತಾ?” ಎಂದು ಚಿಕ್ಕಪ್ಪ ಕೇಳಿದರು. ರಾಗಿಹೊಲದಲ್ಲಿ ಕಳೆ ಕಿತ್ತವರ ಪ್ರಶ್ನೆ ಅದು. ಕಾಡುರಾಗಿ ಎಳೆಯದಾಗಿದ್ದಾಗ ರಾಗಿಯಂತೆಯೇ ಕಾಣುತ್ತದೆ. ಪಳಗಿದ ಕೈ ಸಹ ಒಮ್ಮೊಮ್ಮೆ ಪೈರನ್ನೇ ಕೀಳುತ್ತದೆ. ಕ್ಯಾನ್ಸರ್ ಇನ್ನೂ ಹತ್ತಿರದ ನೆಂಟ, ನಮ್ಮದೇ ಕೋಶ. ಲೈಗೇಸ್ ಆರೋಗ್ಯದ ಕೋಶಕ್ಕೂ ಬೇಕು. ರೋಗದ ಕೋಶದಲ್ಲಿ ಮಾತ್ರ ಹುಟ್ಟುವ ಕಿಣ್ವ ದೊರೆತರೆ ಅದು ಭಾಗ್ಯವೇ ಸರಿ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಹಾಗೆ ದೊರೆತು, 2001ರಲ್ಲಿ ಅಮೆರಿಕದಲ್ಲಿ ಇಮ್ಯಾಟಿನಿಬ್ ಗುಳಿಗೆಗೆ ಅನುಮತಿ ಸಿಕ್ಕಿತು.

ಇಷ್ಟನ್ನೂ ಹೇಳಬಹುದಿತ್ತು. ಚಿಕ್ಕಪ್ಪನ ಮುಖ ನೋಡಿ ಇಲಿಯ ಮಾತನ್ನು ನುಂಗಿಕೊಂಡೆ. “ಬರುತ್ತೆ ಚಿಕ್ಕಪ್ಪ, ಸ್ವಲ್ಪ ಕಾಲ ಹಿಡಿಯುತ್ತೆ” ಎಂದೆ. ಇದು ಸುಳ್ಳೋ ಕರುಣೆಯೋ ಎಂದು ಆ ರಾತ್ರಿ ಯೋಚಿಸಲೂ ಇಲ್ಲ. ಮುಂದಿನ ತಿಂಗಳು ತಿಳಿಯಿತು: ಹೊಸ ಮದ್ದು ಬರುವತನಕ ಈ ಹಾಳು ಮದ್ದು ಬೇಡವೆಂದು ಅವರು ಆಸ್ಪತ್ರೆಯ ಒಂದು ಸರದಿಯನ್ನೇ ತಪ್ಪಿಸಿದ್ದರು. ಚಿಕ್ಕಪ್ಪನ ಭಯವೊಂದನ್ನೇ ಆರಿಸಿ ಕೊಲ್ಲುವೆನೆಂದು ನಾನು ಕೊಟ್ಟ ಮಾತು ಅವರ ಎಚ್ಚರವನ್ನೂ ಕೊಂದಿತ್ತು.

2016ರಲ್ಲಿ ಅಮೆರಿಕದ ಕೆಲವು ವಿಜ್ಞಾನಿಗಳು ಎಸ್.ಸಿ.ಆರ್. 7 ಅನ್ನು ಪರೀಕ್ಷಿಸಿ, ಅದು ಲೈಗೇಸ್ 4ನ್ನು ಆರಿಸಿ ಹಿಡಿಯುವುದಿಲ್ಲ, 1 ಮತ್ತು 3ನ್ನೇ ಹೆಚ್ಚು ತಡೆಯುತ್ತದೆ ಎಂದು ಬರೆದರು. ಆ ಲೋಕದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ತೂಗುವುದು ದಿನನಿತ್ಯದ ಕೆಲಸ. ನನ್ನ “ಬರುತ್ತೆ”ಯನ್ನು ತೂಗುವವರು ಯಾರೂ ಇರಲಿಲ್ಲ.

ಸರದಿ ತಪ್ಪಿದ್ದು ತಿಳಿದೊಡನೆ ಊರಿಗೆ ಹೋದೆ. ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಚಿಕ್ಕಪ್ಪ ಮಾತಾಡಲಿಲ್ಲ. ಒಳಗಿನಿಂದ ಚಿಕ್ಕಮ್ಮ, “ಇಲಿಗಾದ್ರೂ ವಾಸಿ ಆಯ್ತಲ್ಲ, ಬಿಡು. ನಾಳೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?” ಎಂದು ಕೇಳಿದರು.