ಸಾಕ್ಷಿಗೆ ಕಣ್ಣು ಬೇಕಿಲ್ಲ

‘ನೋಡುವವನಿಲ್ಲದೆ ಜಗತ್ತೇ ಇಲ್ಲ ಎಂಬುದನ್ನು ಈಗ ಕ್ವಾಂಟಂ ವಿಜ್ಞಾನವೂ ಒಪ್ಪಿಕೊಂಡಿದೆ’ ಎಂಬ ಮಾತು ಪ್ರವಚನಗಳಲ್ಲೂ ಮೊಬೈಲಿಗೆ ಬರುವ ವಿಡಿಯೊಗಳಲ್ಲೂ ಆಗಾಗ ಕಿವಿಗೆ ಬೀಳುತ್ತದೆ. ಕೇಳಿದಾಗಲೆಲ್ಲ ವಿಯೆನ್ನಾ ವಿಶ್ವವಿದ್ಯಾಲಯದ ಒಂದು ಪ್ರಯೋಗ ನೆನಪಾಗುತ್ತದೆ. ಅದನ್ನು ಬಲ್ಲವರು ಈ ಮಾತನ್ನು ಇಷ್ಟು ಸಲೀಸಾಗಿ ಆಡಲಾರರು.

1999ರಲ್ಲಿ ಅಲ್ಲಿ ಆಂಟನ್ ಜೈಲಿಂಗರ್, ಮಾರ್ಕಸ್ ಆರ್ಂಟ್ ಮತ್ತು ಸಂಗಡಿಗರು 60 ಇಂಗಾಲದ ಪರಮಾಣುಗಳಿರುವ ಫುಲ್ಲರೀನ್ ಅಣುಗಳನ್ನು ನಿರ್ವಾತದಲ್ಲಿ ಅತಿ ಸಣ್ಣ ಸೀಳುಗಳ ಜಾಲರಿಯ ಮೂಲಕ ಹಾಯಿಸಿದರು. ಆಚೆ ಬದಿಯಲ್ಲಿ ಕಂಡದ್ದು ಅಲೆಗಳು ಒಂದಕ್ಕೊಂದು ಕೂಡಿದಾಗ, ಕಳೆದಾಗ ಮೂಡುವ ಪಟ್ಟೆಗಳು. ಅಂದರೆ ಒಂದು ಅಣು ಇಂಥದೇ ಸೀಳಿನಲ್ಲಿ ಹಾದುಹೋಯಿತು ಎನ್ನುವಂತಿರಲಿಲ್ಲ.

2004ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಈ ಸಲ 70 ಪರಮಾಣುಗಳ ಅಣು. ದಾರಿ ಹಿಡಿಯುವ ಮುನ್ನ ಅದಕ್ಕೆ ಲೇಸರ್ ತಗುಲಿಸಿ ಕಾಯಿಸಿದರು. ಹೆಚ್ಚು ಹೆಚ್ಚು ಕಾದಂತೆ ಅಣು ತಾನೇ ಬೆಳಕು ಸೂಸತೊಡಗಿತು, ಪಟ್ಟೆಗಳು ಮಸುಕಾಗುತ್ತ ಹೋದವು, ಕೊನೆಗೆ ಮಾಯವಾದವು. ಅಷ್ಟಾಗಿ ಕಾಯದ ಅಣುವೂ ಅವಕೆಂಪು ಕಿರಣವನ್ನು ಹೊಮ್ಮಿಸಬಲ್ಲದು. ಆದರೆ ಎರಡು ದಾರಿಗಳ ನಡುವಿನ ಅಂತರಕ್ಕಿಂತ ಆ ಕಿರಣದ ತರಂಗಾಂತರ ಬಹಳ ದೊಡ್ಡದು; ಅದು ಯಾವ ದಾರಿಯಿಂದ ಹೊರಟಿತೆಂದು ಅದರಿಂದ ತಿಳಿಯದು. ಹಾಗಾಗಿ ಪಟ್ಟೆಗಳು ಉಳಿದವು. ದಾರಿಯ ಸುಳಿವು ಕೊಡುವಷ್ಟು ಕಿರಿಯ ತರಂಗಾಂತರದ ಬೆಳಕು ಹೊರಬಿದ್ದಾಗಲೇ ಅವು ಅಳಿಸಿದ್ದು. ಆ ಬೆಳಕನ್ನು ಹಿಡಿಯಲು ಅಲ್ಲಿ ಯಾರೂ ಕಾದಿರಲಿಲ್ಲ. ಸುಳಿವು ಜಗತ್ತಿಗೆ ಬಿದ್ದಿತು, ಅಷ್ಟೇ ಸಾಕಾಯಿತು.

ಭೌತವಿಜ್ಞಾನದ ‘ವೀಕ್ಷಕ’ ಬಹುಪಾಲು ಇದೇ. ಅದಕ್ಕೆ ಮನಸ್ಸು ಬೇಕಿಲ್ಲ, ಪ್ರಜ್ಞೆ ಬೇಕಿಲ್ಲ. ಸುತ್ತಲಿನ ವಸ್ತುವಿನಲ್ಲಿ ಒಂದು ಗುರುತು ಉಳಿದರೆ ಆಯಿತು. 1970ರಲ್ಲೇ ಜರ್ಮನಿಯ ಡೀಟರ್ ಝೇ ಈ ವಿಚಾರಕ್ಕೆ ಬುನಾದಿ ಹಾಕಿದ್ದರು. ಇಂದು ಅದನ್ನು ಡಿಕೊಹೆರೆನ್ಸ್ ಎನ್ನುತ್ತಾರೆ. ನಾನು ನೋಡಿದಾಗ ಮಾತ್ರ ಚಂದ್ರ ಇರುತ್ತಾನೆಯೇ ಎಂದು ಐನ್‌ಸ್ಟೀನ್ ತಮ್ಮ ಒಡನಾಡಿ ಅಬ್ರಹಾಂ ಪಾಯಸ್ ಅವರನ್ನು ಕೇಳಿದ್ದರಂತೆ. ಚಂದ್ರನ ಮೇಲೆ ಬಿದ್ದು ಚದುರುವ ಬಿಸಿಲೇ ಅವನು ಎಲ್ಲಿದ್ದಾನೆಂಬುದನ್ನು ಎಲ್ಲ ದಿಕ್ಕಿಗೂ ಸಾರುತ್ತಿದೆ. ಭೂಮಿಯ ಮೇಲೆ ಮೊದಲ ಕಣ್ಣು ತೆರೆಯುವುದಕ್ಕೆ ಕೋಟಿಗಟ್ಟಲೆ ವರ್ಷ ಮುಂಚೆಯೂ ಅದು ನಡೆದೇ ಇತ್ತು. ನಮ್ಮ ನೋಟಕ್ಕಾಗಿ ಕಾಯದ ಈ ಜಗತ್ತು, ನಮ್ಮ ನೋಟದಿಂದಲೇ ಹುಟ್ಟುವ ಜಗತ್ತಿಗಿಂತ ನನಗೆ ಹೆಚ್ಚು ಆಪ್ತವೆನಿಸುತ್ತದೆ. ಇನ್ನು ಆ ಪ್ರವಚನಗಳ ಹಿಂದಿರುವ ವೇದಾಂತದ ಸಾಕ್ಷಿಗೆ, ಅಂದರೆ ಎಲ್ಲವನ್ನೂ ನೋಡುವ ಅರಿವಿಗೆ, ಅದರದೇ ತರ್ಕವಿದೆ, ಅದರದೇ ಗಾಂಭೀರ್ಯವಿದೆ; ಪ್ರಯೋಗಾಲಯದ ಊರುಗೋಲನ್ನು ಅದರ ಕೈಗೆ ಕೊಡುವುದು ಗೌರವವಲ್ಲ.

ಹಾಗೆಂದು ಒಗಟು ಪೂರ್ತಿ ಬಿಡಿಸಿದೆ ಎನ್ನಲಾಗದು. ಪಟ್ಟೆಗಳು ಏಕೆ ಅಳಿಸಿದವು ಎಂಬುದಕ್ಕೆ ಡಿಕೊಹೆರೆನ್ಸ್ ಉತ್ತರ ಕೊಡುತ್ತದೆ. ಇಷ್ಟೊಂದು ಸಾಧ್ಯತೆಗಳಿದ್ದಾಗ ಅಣು ಇಲ್ಲೇ ಏಕೆ ಸಿಕ್ಕಿತು, ಅಲ್ಲೇಕಿಲ್ಲ ಎಂದರೆ ಅದು ಸುಮ್ಮನಾಗುತ್ತದೆ. ಎಲ್ಲ ಸಾಧ್ಯತೆಗಳೂ ಬೇರೆ ಬೇರೆ ಕವಲುಗಳಲ್ಲಿ ನಿಜವಾಗುತ್ತವೆ ಎಂಬುದು 1957ರಲ್ಲಿ ಹ್ಯೂ ಎವೆರೆಟ್ ಹಿಡಿದ ದಾರಿ. ವಸ್ತು ಒಂದು ಮಟ್ಟಕ್ಕಿಂತ ಭಾರವಾದರೆ ಅಲೆಯ ಗುಣ ತಾನಾಗಿಯೇ ಕುಸಿಯುತ್ತದೆ ಎನ್ನುವವರೂ ಇದ್ದಾರೆ. ಈ ಎರಡನೆಯ ಮಾತನ್ನು ಕನಿಷ್ಠ ಒರೆಗೆ ಹಚ್ಚಿ ನೋಡಬಹುದು. 2019ರಲ್ಲಿ ಆರ್ಂಟ್ ತಂಡ ಸುಮಾರು 2,000 ಪರಮಾಣುಗಳ ಅಣುಗಳನ್ನು ಹಾಯಿಸಿ ನೋಡಿತು. ಅಲ್ಲಿಯೂ ಪಟ್ಟೆಗಳು ಮೂಡಿದವು.